ಅರ್ಧ ಬನ್ನು

"ಹುಷಾರು, ಅಣ್ಣನ ತಲೆ ತಾಗೀತು!" ಸೋದರತ್ತೆ ಕೂಗಿಕೊಂಡಳು. ಇನ್ನು ತಾಗಿದರೆಷ್ಟು ಬಿಟ್ಟರೆಷ್ಟು, ಪಾಪ. ಶವಪೆಟ್ಟಿಗೆಯನ್ನು ಓರೆ ಮಾಡಿ ಬಾಗಿಲು ದಾಟಿಸುವಷ್ಟರಲ್ಲಿ ಹೊತ್ತವರಿಗೆಲ್ಲ ಸಾಕುಸಾಕಾಯಿತು. ಕಾಲಿನ ಕಡೆ ಮಗಳೇ ಹಿಡಿದಿದ್ದಳು.

"ಊರಿಗೆಲ್ಲ ಇಂಗ್ಲಿಷ್ ಕಲಿಸಿದ ಮೇಷ್ಟ್ರು," ಪಕ್ಕದ ಮನೆಯಾಕೆ ಮೂಗೊರೆಸಿಕೊಂಡಳು. "ಬಾಯಿ ಬಿಟ್ಟರೆ ಒಂದು ಪದದ ಕತೆ. ಈ ಎರಡು ವರ್ಷ ಯಾಕೋ ಬಾಯಿಗೆ ಬೀಗ ಹಾಕ್ಕೊಂಡ್ಬಿಟ್ರು."

ಯಾಕೆಂದು ಮಗಳಿಗೆ ಗೊತ್ತಿತ್ತು. ಬೀಗ ಜಡಿದವಳೇ ಅವಳು.

*

ಅವತ್ತು ಅವಳ ಮ್ಯಾನೇಜರು ಊಟಕ್ಕೆ ಬಂದಿದ್ದರು. ಬಡ್ತಿಯ ಮಾತು ತೆಗೆಯಬೇಕು ಅನ್ನುವಷ್ಟರಲ್ಲಿ ಅಪ್ಪ ಶುರು ಹಚ್ಚಿಕೊಂಡ.

"ಮಸಲ್ ಅಂತೀವಲ್ಲ ಸಾರ್, ಮೂಲದಲ್ಲಿ ಅದು ಪುಟ್ಟ ಇಲಿ! ತೋಳು ಮಡಚಿ ನೋಡಿ, ಚರ್ಮದಡಿ ಇಲಿ ಓಡೋ ಹಾಗಿಲ್ವಾ? ಇನ್ನು ವಿಂಡೋ ಅಂದ್ರೆ ಗಾಳಿಯ ಕಣ್ಣು..."

ಮ್ಯಾನೇಜರು ಗಡಿಯಾರ ನೋಡಿಕೊಂಡರು.

"ಅಪ್ಪಾ, ಸಾಕು ನಿನ್ನ ಪುರಾಣ! ನಿನ್ನ ಜೊತೆ ಕೂತು ಯಾರೂ ನೆಮ್ಮದಿಯಾಗಿ ಉಣ್ಣೋ ಹಾಗೇ ಇಲ್ವಲ್ಲ!"

ಅಪ್ಪ ಮಡಚಿದ ತೋಳಿಳಿಸಿದ. "ಬಡಿಸಮ್ಮ, ಸಾರ್ ಅವರ ತಟ್ಟೆ ಖಾಲಿಯಾಗಿದೆ" ಅಂದ.

ಮರುದಿನದಿಂದ ಸಂಜೆ ಹೊರಗೆ ಹೋಗಿ ತಡವಾಗಿ ಬರತೊಡಗಿದ. "ಹಸಿವಿಲ್ಲಮ್ಮ, ನೀನು ಊಟ ಮಾಡು." ತಪ್ಪಾಯಿತಪ್ಪಾ ಅನ್ನುವ ಮಾತು ಎಷ್ಟೋ ಸಲ ಅವಳ ನಾಲಿಗೆ ತುದಿಗೆ ಬಂದಿತ್ತು. ನಾಳೆ ಹೇಳಿದರಾಯಿತು ಎಂದು ನುಂಗಿಕೊಂಡಿದ್ದಳು.

*

ಮಣ್ಣು ಮಾಡಿ ಹಿಂದಿರುಗುವಾಗ ಬೀದಿ ಕೊನೆಯ ಬೇಕರಿಯವನು ಜೊತೆಗೂಡಿದ.

"ದಿನಾ ಸಂಜೆ ನನ್ನ ಅಂಗಡೀಲೇ ಇರ್ತಿದ್ರು. ಒಂದು ಟೀ, ಒಂದು ಬನ್ನು. ಅರ್ಧ ತಿಂದು, ಅರ್ಧ ಕಾಗದದಲ್ಲಿ ಸುತ್ತಿಸ್ಕೊಳ್ಳೋರು."

"ನನ್ನ ಮೇಲೆ ಕೋಪ ಇತ್ತಾ?"

"ಕೋಪನಾ? ಬಿಡ್ತು ಅನ್ನಿ! 'ಕಂಪ್ಯಾನಿಯನ್ ಅಂದ್ರೆ ಗೊತ್ತೇನಯ್ಯಾ? ರೊಟ್ಟಿ ಹಂಚ್ಕೊಂಡು ತಿನ್ನೋರು. ಕಂಪನಿ ಅನ್ನೋದೂ ಅದೇ ಬುಡದ್ದು. ಇದು ನನ್ನ ಮಗಳ ಪಾಲು' ಅನ್ನೋರು. 'ಯಾಕಪ್ಪಾ ಅರ್ಧ ಅಂತ ಒಂದಿನ ಕೇಳ್ತಾಳೆ, ಆಗ ಹೇಳ್ತೀನಿ' ಅಂತ. ಕೇಳಿರ್ತೀರಲ್ವಾ ನೀವು?"

ಅವಳು ಕೇಳಿರಲಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಒಂದು ಪೊಟ್ಟಣ ಇರುತ್ತಿತ್ತು. ತಿಂದು ಉಳಿದದ್ದನ್ನೆಲ್ಲ ತಂದಿಡುತ್ತಾನೆ ಎಂದು ಗೊಣಗುತ್ತ ಕಸದ ಬುಟ್ಟಿಗೆ ಹಾಕುತ್ತಿದ್ದಳು.

ಮನೆಗೆ ಬಂದವಳೇ ಅಡುಗೆಮನೆಗೆ ನಡೆದಳು. ಸಾವಿನ ಗಡಿಬಿಡಿಯಲ್ಲಿ ಯಾರೂ ಎಸೆಯದ ಕೊನೆಯ ಪೊಟ್ಟಣ ಅಲ್ಲೇ ಇತ್ತು.

"ಅಯ್ಯೋ, ಅದು ಕಲ್ಲಾಗಿದೆ, ಬಿಸಾಕೇ" ಅಂದಳು ಅತ್ತೆ.

ಅವಳು ಅಪ್ಪನ ಕುರ್ಚಿಯ ಎದುರಿಗೆ ಕೂತು ಕಾಗದ ಬಿಚ್ಚಿದಳು.

"ಯಾಕಪ್ಪಾ ಅರ್ಧ?" ಎಂದು ಕೇಳಿ, ಕಚ್ಚಿದಳು.