ತೊಡುವಾಕೆ ಬಂದು ನಿಲ್ಲಲಿ

ಬೆಂಗೇರಿಯ ಗುಲ್ಜಾರಬಿಯವರ ಹೊಲಿಗೆಯಂಗಡಿಗೆ ಅಳತೆಗೆಂದು ಹಳೆಯ ಜಂಪರು ಕಳಿಸಿದರೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಊರಿನ ಉಳಿದ ದರ್ಜಿಗಳೆಲ್ಲ ಹಳೆಯದನ್ನು ಹಾಸಿ, ಅದರ ಮೇಲೆ ಹೊಸ ಬಟ್ಟೆಯಿಟ್ಟು, ಕತ್ತರಿಯಾಡಿಸಿ ಕೈತೊಳೆದುಕೊಳ್ಳುತ್ತಾರೆ. ಈ ಮಹಾತಾಯಿಗೆ ಮಾತ್ರ ಗಂಡ ತಂದ ಅಳತೆ, ಅತ್ತೆ ಹೇಳಿದ ಅಳತೆ, ಫೋನಿನಲ್ಲಿ ಬಂದ ಅಳತೆ, ಯಾವುದೂ ನಡೆಯದು. "ತೊಡಾಕಿ ಬರ್ಲಿ. ಬಂದು ನೆಟ್ಟಗ ನಿಂದರ್ಲಿ. ಹೋದ ವರ್ಷದ ಜಂಪರಿಗೆ ಈ ವರ್ಷದ ಮೈ ಏನ್ ಗೊತ್ತೈತ್ರಿ?" ನನ್ನ ಜಂಪರು ಮೂರು ಸಲ ಹೀಗೆ ಮರಳಿ ಬಂದಿದೆ. ದೇಶಪಾಂಡೆ ನಗರದಿಂದ ಸುಡುಬಿಸಿಲಲ್ಲಿ ಆಟೋ ಹತ್ತಿ ಹೋಗುವಾಗೆಲ್ಲ ಆಕೆಯನ್ನು ಮನಸಾರೆ ಬೈದಿದ್ದೇನೆ.

ಮದುವೆಮನೆಗೆ ಬಂದರೂ ಕೊರಳಲ್ಲಿ ಹಳದಿ ಟೇಪು. ನಲವತ್ತು ವರ್ಷ ಮಷಿನ್ನು ತುಳಿದ ಬಲಗಾಲು ಕುರ್ಚಿಯ ಮೇಲೆ ಸುಮ್ಮನೆ ಕೂತಾಗಲೂ ತಟತಟನೆ ನೆಲ ಬಡಿಯುತ್ತಿರುತ್ತದೆ. ಅದು ನಿಂತಿತೆಂದರೆ ಬಾಯಿ ಶುರುವಾಯಿತೆಂದೇ ಲೆಕ್ಕ. ಎಷ್ಟು ಗಂಟೆಯೆಂದು ಕೇಳಿದರೂ "ಖರೇ ಹೇಳ್ತೇನಿ" ಎಂದೇ ಉತ್ತರ ಆರಂಭ. ತಲೆಯ ಮೇಲೆ ನರೆಗೂದಲಲ್ಲದೆ ಬೇರೇನೂ ಇಲ್ಲ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಬುರ್ಖಾ ತೆಗೆದಿಟ್ಟದ್ದಕ್ಕೆ ಅಣ್ಣ ನಾಲ್ಕು ವರ್ಷ ಮಾತು ಬಿಟ್ಟಿದ್ದನಂತೆ. ನಮ್ಮ ಮಹಿಳಾ ಸಂಘಕ್ಕೆ ಯಾರೇ ಅತಿಥಿಗಳು ಬರಲಿ, ನಾವು ಮೊದಲು ಆಕೆಯನ್ನೇ ಕರೆದು, ಬುರ್ಖಾ ತೆಗೆದಿಟ್ಟವರು ಎಂದೇ ಪರಿಚಯಿಸುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಲೆವಸ್ತ್ರದ ಜಗಳ ಊರೂರಿಗೆ ಹಬ್ಬಿದ್ದ ವರ್ಷವದು. ಗುಲ್ಜಾರಬಿಯವರ ತಂಗಿಯ ಮಗಳು ಫಿರದೋಸ, ಪಿಯುಸಿ ಮೊದಲ ವರ್ಷದಲ್ಲಿ ತರಗತಿಗೇ ಮೊದಲಿಗಳಾದ ಹುಡುಗಿ, ಸ್ಕಾರ್ಫ್ ತೆಗೆದರೆ ಮಾತ್ರ ಒಳಗೆ ಎಂದು ಕಾಲೇಜಿನವರು ಹೇಳಿದ ಮೇಲೆ ಮನೆಯಲ್ಲಿ ಕೂತುಬಿಟ್ಟಿದ್ದಳು. ಎರಡನೆಯ ವರ್ಷದ ಪ್ರವೇಶಕ್ಕೆ ಉಳಿದದ್ದು ಹದಿನೈದೇ ದಿನ. ಅದು ತಪ್ಪಿದರೆ ವರ್ಷ ಹೋಯಿತು, ಹೀಗೆ ವರ್ಷ ಕಳೆದುಕೊಂಡ ಹುಡುಗಿಯರು ಮತ್ತೆ ಪುಸ್ತಕ ಹಿಡಿದದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಸಂಘದ ಸಭೆ ಅಧ್ಯಕ್ಷೆ ಪ್ರಭಾವತಿ ಅಕ್ಕೋರ ಮನೆಯ ಪಡಸಾಲೆಯಲ್ಲಿ ಸೇರಿತು. ಅಕ್ಕೋರು ನಿವೃತ್ತ ಗಣಿತ ಶಿಕ್ಷಕಿ. ಹೆಣ್ಣಿನ ಮೈಮೇಲಿನ ಯಾವ ಮುಸುಕನ್ನೂ ಜನ್ಮದಲ್ಲಿ ಸಹಿಸಿದವರಲ್ಲ. ಹುಡುಗಿಯರು ಸ್ಕಾರ್ಫ್ ಕಳಚಿಟ್ಟು ತರಗತಿಗೆ ಮರಳಬೇಕೆಂದು ಸಂಘದ ಪರವಾಗಿ ಎರಡು ಪುಟದ ಠರಾವು ಬರೆದವಳು ನಾನೇ. ಭಾಷೆಯಂತೂ, ನಾನೇ ಹೇಳಿಕೊಳ್ಳಬಾರದು, ಬಲು ಸೊಗಸಾಗಿತ್ತು. ಹುಡುಗಿಯರನ್ನು ಗೇಟಿನಲ್ಲಿ ತಡೆಯುವುದೇ ತಪ್ಪೆಂದು ಅರ್ಧ ಜನ, ಅಲ್ಲವೆಂದು ಅರ್ಧ ಜನ ಕೂಗಾಡುತ್ತಿರುವಾಗ ಗುಲ್ಜಾರಬಿ ಎದ್ದರು. "ಖರೇ ಹೇಳ್ತೇನಿ, ನಮ್ಮ ಫಿರದೋಸನ್ನ ನಾ ಒಪ್ಪಸ್ತೇನಿ. ಒಂದ ವಾರ ಕೊಡ್ರಿ." ನಾವು ಚಪ್ಪಾಳೆ ತಟ್ಟಿದೆವು.

ಆ ಹುರುಪಿನಲ್ಲಿ ಆಕೆ ಮಾಡಿದ್ದೇನು? ಹುಟ್ಟಿದಂದಿನಿಂದ ಬಟ್ಟೆ ಹೊಲಿದುಕೊಟ್ಟ ಕೂಸು, ಗೊತ್ತಿಲ್ಲದ ಮೈಯೇ ಎಂದುಕೊಂಡು, ಕಣ್ಣಂದಾಜಿನಲ್ಲೇ ಸ್ಕಾರ್ಫಿಲ್ಲದ ಸಮವಸ್ತ್ರವೊಂದನ್ನು ಹೊಲಿದು ತಂಗಿಯ ಮನೆಗೆ ಒಯ್ದರು. ನಲವತ್ತು ವರ್ಷದ ನೇಮ ಮುರಿದದ್ದು ಅದೊಂದೇ ಸಲ.

ಮುಂದಿನ ವಾರ ಸಭೆಗೆ ಬಂದಾಗ ಕೈಯಲ್ಲಿ ಅದೇ ಸಮವಸ್ತ್ರ, ಬೆನ್ನ ಹಿಂದೆ ಫಿರದೋಸ. ಬಲಗಾಲು ಅಲುಗಲಿಲ್ಲ. "ತೋಳು ಎರಡು ಬೆರಳು ಗಿಡ್ಡ, ಹೆಗಲು ಬಿಗಿ. ಹಾಕ್ಕೊಂಡು ನಿಂತು ಈಕಿ ಏನಂದ್ಲು ಗೊತ್ತೇನ್ರಿ? ಖಾಲಾ, ಊರ ಮಂದಿನೆಲ್ಲಾ ಕರದು ಅಳತಿ ತಗೋತಿ, ನನ್ನ ಒಂದ ಮಾತರ ಕೇಳಿದೇನು ಅಂದ್ಲು." ಗುಲ್ಜಾರಬಿ ಆ ಗಿಡ್ಡ ತೋಳನ್ನು ಎಲ್ಲರಿಗೂ ಎತ್ತಿ ತೋರಿಸಿದರು. "ಖರೇ ಹೇಳ್ತೇನಿ, ತಪ್ಪು ನಂದು. ನನ್ನ ಬುರ್ಖಾ ನಾ ತಗದದ್ದು ನನ್ನ ಕೈಲೆ. ಈಕಿದು ನನ್ನ ಕೈಲೆ ತಗ್ಯಾಕ ಹೋಗಿದ್ನಿ. ಈಗ ಈಕಿನ್ನ ಕೇಳ್ರಿ."

ಅಕ್ಕೋರು ಕನ್ನಡಕ ಸರಿಪಡಿಸಿಕೊಂಡರು. "ಮನ್ಯಾಗ ಯಾರರ ಒತ್ತಾಯ ಮಾಡ್ಯಾರೇನವಾ?"

"ಇಲ್ರಿ ಅಕ್ಕೋರ. ತಗದಿಟ್ಟು ಹೋಗವಾ ಅಂತ ಅಬ್ಬಾನ ಅಂದ್ರು. ನನಗ ಈ ಸ್ಕಾರ್ಫೂ ಬೇಕ್ರಿ, ಫಿಜಿಕ್ಸೂ ಬೇಕ್ರಿ. ಎರಡರಾಗ ಒಂದು ಆರಿಸು ಅಂತೀರಿ. ನಮ್ಮ ಕ್ಲಾಸಿನ ಗಂಡ ಹುಡುಗೂರಿಗೆ ಯಾರೂ ಹಂಗ ಅಂದಿಲ್ರಿ."

ತಿಂಗಳುಗಟ್ಟಲೆ ಈ ಹುಡುಗಿಯ ತಲೆಯ ಬಗ್ಗೆ ವಾದಿಸಿದ್ದೆವಲ್ಲ, ಆ ತಲೆಯೊಳಗೆ ಏನಿದೆಯೆಂದು ಒಬ್ಬರೂ ಕೇಳಿರಲಿಲ್ಲ. ಕೊನೆಗೆ ಅಕ್ಕೋರೇ ಅಂದರು: "ನನಗಿದು ಒಪ್ಪಿಗಿಲ್ಲವಾ. ನಾಳೆನೂ ಒಪ್ಪೂದಿಲ್ಲ. ಆದ್ರ ನೀ ಕಲಿಯೂದು ನಿಂದರಬಾರ್ದು. ನೀಲಾ, ಆ ಠರಾವು ಹರಿ." ನನ್ನ ಸೊಗಸಾದ ಎರಡು ಪುಟ! ಮೊದಲ ಸಾಲನ್ನು ಕೊನೆಯ ಸಲ ಓದಿಕೊಂಡು ಹರಿದೆ. ಏನು ತೊಟ್ಟು ಓದಬೇಕೆಂದು ಓದುವ ಹುಡುಗಿಯೇ ಹೇಳಲಿ, ಯಾರ ಕಲಿಕೆಯೂ ನಿಲ್ಲದಿರಲಿ ಎಂದು ನಾಲ್ಕೇ ಸಾಲು ಬರೆದೆ. ಮೊದಲ ಸಹಿ ಅಕ್ಕೋರದು.

ಸಮವಸ್ತ್ರದ ನಿಯಮವನ್ನು ತಾನೇ ಮಾಡಿಕೊಳ್ಳುವ ಖಾಸಗಿ ಕಾಲೇಜೊಂದಕ್ಕೆ ಫಿರದೋಸಳನ್ನು ಕರೆದುಕೊಂಡು ಹನ್ನೊಂದು ಜನ ಹೆಂಗಸರು ಹೋದೆವು. ಪ್ರಾಚಾರ್ಯರು ಒಳ್ಳೆಯವರೇ, ಆದರೆ ನಮ್ಮ ದಂಡನ್ನು ಕಂಡು ಬೆವರಿ, "ಹುಡುಗಿ ತಂದೀನ ಕಳಸ್ರಿ, ಅವರ ಜೋಡಿ ಮಾತಾಡ್ತೇನಿ" ಎಂದರು. ಮೇಜಿನ ಕೆಳಗೆ ತಟತಟ ನಿಂತಿತು. ಮುಗಿಯಿತು ಇವರ ಕತೆ ಎಂದುಕೊಂಡೆ.

"ಖರೇ ಹೇಳ್ತೇನಿ ಸರ, ಪರೀಕ್ಷಾ ಬರಿಯಾಕಿ ಇಲ್ಲೇ ನಿಂತಾಳ. ಆಕಿನ್ನ ಕೇಳ್ರಿ."

ಅವರು ಕೇಳಿದರು. ಫಿರದೋಸ ಹೇಳಿದಳು. ಕೊನೆಯ ದಿನಕ್ಕೆ ಇನ್ನೂ ಎರಡು ದಿನವಿರುವಾಗಲೇ ಪ್ರವೇಶ ಸಿಕ್ಕಿತು. ಸಮವಸ್ತ್ರದ ಬಟ್ಟೆಯಲ್ಲೇ ಸ್ಕಾರ್ಫ್ ಇರಲಿ ಎಂದರು, ಹುಡುಗಿ ನಗುತ್ತಾ ಒಪ್ಪಿದಳು. ಅಂದು ಸಂಜೆ ಗುಲ್ಜಾರಬಿ ಆಕೆಯನ್ನು ಅಂಗಡಿಯ ನಡುವೆ ನಿಲ್ಲಿಸಿ, ಒಂದೊಂದು ಅಳತೆಯನ್ನೂ ಎರಡೆರಡು ಸಲ ಹಿಡಿದರು.

ವರ್ಷವಿಡೀ ಅಕ್ಕೋರು ಫಿರದೋಸಳಿಗೆ ಮನೆಯಲ್ಲೇ ಗಣಿತ ಹೇಳಿಕೊಟ್ಟರು, ಸ್ಕಾರ್ಫಿನ ಬಗ್ಗೆ ದಿನಾ ವಾದಿಸುತ್ತಾ, ದಿನಾ ಸೋಲುತ್ತಾ. ಪಿಯುಸಿ ಫಲಿತಾಂಶದಲ್ಲಿ ಆ ಕಾಲೇಜಿಗೇ ಫಿರದೋಸ ಮೊದಲು! ಸುದ್ದಿ ಕೇಳಿ ನಾನು ಬೆಂಗೇರಿಗೆ ಓಡಿದರೆ, ಅಂಗಡಿಯಲ್ಲಿ ಕಂಡದ್ದೇನು? ಇಪ್ಪತ್ತು ವರ್ಷದಿಂದ ಹಳೆಯ ಜಂಪರನ್ನೇ ಅಳತೆಗೆ ಕಳಿಸಿ, ಮರಳಿ ಬಂದಾಗೆಲ್ಲ ಸಿಡುಕಿ, ಪಂತಕ್ಕೆ ಬಿದ್ದು ಬೇರೆ ಕಡೆ ಹೊಲಿಸಿಕೊಂಡಿದ್ದ ಪ್ರಭಾವತಿ ಅಕ್ಕೋರು ಎರಡೂ ತೋಳು ಚಾಚಿ ನೆಟ್ಟಗೆ ನಿಂತಿದ್ದರು. ಟೇಪು ಹಿಡಿದವರು ಗುಲ್ಜಾರಬಿ. ಬರೆದುಕೊಳ್ಳುತ್ತಿದ್ದವಳು ಫಿರದೋಸ. ನನಗೆ ಕಣ್ಣು ತುಂಬಿ ಬಂತು.

ತಾವು ಹೋರಾಡಿ ಪಡೆದ ಬಿಡುಗಡೆಯನ್ನು ಊರಿನ ಹೆಣ್ಣುಮಕ್ಕಳಿಗೆಲ್ಲ ಅದೇ ಅಳತೆಯಲ್ಲಿ ತೊಡಿಸಹೊರಡುವ ಆಸೆ ನಮ್ಮಂಥ ಸಂಘದವರಿಗೆಲ್ಲ ಇದ್ದದ್ದೇ. ಪ್ರೀತಿ ಹೆಚ್ಚಾದಷ್ಟೂ ಅದು ಹೆಚ್ಚು. ತನ್ನ ಕೈಯ ತಪ್ಪನ್ನು ನಾಲ್ಕು ಜನರೆದುರು ಎತ್ತಿ ತೋರಿಸಿ, ಹೊಲಿಗೆ ಬಿಚ್ಚಿ, ಎದುರಿನವಳ ಮಾತು ಕೇಳಲು ಸುಮ್ಮನೆ ನಿಲ್ಲುವ ಹೆಂಗಸರು ಊರಿಗೊಬ್ಬರಿದ್ದರೂ ಸಾಕು, ಹುಡುಗಿಯರು ಓದಿಕೊಳ್ಳುತ್ತಾರೆ.