ಎರಡು ದಿನ ಕೊಡಿ

ಬೆಳಿಗ್ಗೆ ಎದ್ದ ಕೂಡಲೇ ಹರಿನಾಥನದ್ದು ದಿಂಬಿನ ದೂರು.

“ಎಂತ ದಿಂಬು ಮಾರಾಯ್ತಿ ಇದು! ಕೆನ್ನೆಗೆ ಬೀಜ ಚುಚ್ಚುತ್ತದೆ.”

“ಅಮ್ಮ ಕೈಯಲ್ಲೇ ಬಿಡಿಸಿ ತುಂಬಿದ್ದಲ್ವಾ? ಒಂದೆರಡು ಬೀಜ ಉಳಿದಿರ್ತದೆ,” ಎಂದು ಹೆಂಡತಿ ರಾಜೀವಿ ಚಹಾ ಇಟ್ಟು ಹಿತ್ತಿಲಿಗೆ ಇಳಿದಳು.

ಕುಂಜತ್ತೂರಿನ ಅವರ ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗದಲ್ಲಿ ಅವಳ ಹತ್ತಿ ಗಿಡಗಳಿದ್ದವು. ತವರಿನಲ್ಲಿ ದೈವದ ದೀಪಕ್ಕೆ ಈ ಹತ್ತಿಯದ್ದೇ ಬತ್ತಿ. ತಾಯಿ ತೀರಿಕೊಂಡು ಐದು ವರ್ಷವಾಯಿತು, ಆ ಹಿತ್ತಿಲೂ ಮಾರಿಹೋಯಿತು. ಉಳಿದದ್ದು ಬಾಟಲಿಯಲ್ಲಿದ್ದ ಒಂದು ಹಿಡಿ ಬೀಜ. ಇನ್ನೂ ಇಟ್ಟರೆ ಮೊಳೆಯಲಿಕ್ಕಿಲ್ಲವೆಂದು ಹೆದರಿ ಈ ಸಲ ಒಂದೂ ಬಿಡದೆ ಬಿತ್ತಿದ್ದಳು.

ಗಿಡಕ್ಕೆ ತಿಂಗಳಾಗಿತ್ತು. ಸುತ್ತ ಹುಲ್ಲು ಒತ್ತೊತ್ತಾಗಿ ಎದ್ದಿತ್ತು. ಹರಿನಾಥ ಯೂರಿಯಾದ ಚೀಲ ಹೊತ್ತು ಬಂದ. ರಾಜೀವಿ ತಡೆದಳು.

“ಮೊದಲು ಹುಲ್ಲು ಕೀಳ್ತೇನೆ. ಎರಡು ದಿನ ಕೊಡಿ. ಈಗ ಹಾಕಿದ್ರೆ ಊಟ ಹುಲ್ಲಿಗೇ ಅಲ್ವಾ?”

“ಮಣ್ಣು ಹಸಿ ಉಂಟು, ಮಳೆ ಬಿಟ್ಟಿದೆ. ಎರಡು ದಿನ ಕಾದು ಪುನಃ ಜೋರು ಮಳೆ ಬಂದ್ರೆ ಗೊಬ್ಬರ ತೊಳೆದು ಹೋಗ್ತದೆ. ಎಲೆ ಹಳದಿ ಆದದ್ದು ಕಾಣುವುದಿಲ್ವಾ ನಿನಗೆ?”

ಅವನ ಮಾತಿನಲ್ಲೂ ಹುರುಳಿತ್ತು, ಇಲ್ಲವೆನ್ನಲಾಗದು. ಆದರೆ ಆ ಗಿಡಗಳ ಬುಡದಲ್ಲಿ ದಿನವೂ ಕುಕ್ಕರುಗಾಲಲ್ಲಿ ಕೂತವಳು ಅವಳು. ಹೇಳಿದ್ದು ಹೆಂಡತಿ ಎಂಬುದೊಂದೇ ಸಾಕಾಯಿತು, ಅವನು ಕೇಳದಿರಲು. ಯೂರಿಯಾ ಎರಚಿಯೇ ಬಿಟ್ಟ.

ರಾಜೀವಿ ಕಿತ್ತಷ್ಟೂ ಎದ್ದು, ವಾರದಲ್ಲಿ ಹುಲ್ಲು ಹತ್ತಿಯನ್ನೇ ಮುಚ್ಚಿತು. ಹರಿನಾಥನಿಗೆ ಮುಖ ತೋರಿಸಲು ನಾಚಿಕೆ. ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ರಾಜೀವಿ ಮದುವೆಗೆಂದು ಕುಂಬಳೆಗೆ ಹೋದ ದಿನ, ಅವಳು ಬರುವುದರೊಳಗೆ ಎಲ್ಲ ಸರಿಮಾಡುತ್ತೇನೆಂದು ನೆರೆಯ ಪ್ರವೀತನ ಗದ್ದೆಗೆ ಬಿಟ್ಟು ಉಳಿದಿದ್ದ ಕಳೆಯ ಮದ್ದು ತಂದ. ಹುಲ್ಲು ಮಾತ್ರ ಸಾಯುತ್ತದೆಂದು ನಂಬಿ, ಸ್ಪ್ರೇಯರ್ ಬೆನ್ನಿಗೆ ಹಾಕಿ ಇಡೀ ಹಿತ್ತಿಲಿಗೆ ಬಿಟ್ಟ.

ನಾಲ್ಕೇ ದಿನದಲ್ಲಿ ಹತ್ತಿಯ ಅಗಲ ಎಲೆಗಳು ಮುದುಡಿ ದಾರದಂತಾದವು. ಕಾಂಡಗಳು ಸೊಟ್ಟಗೆ ತಿರುಚಿಕೊಂಡವು. ಹುಲ್ಲು ಮಾತ್ರ ಹಸಿರಾಗಿಯೇ ಇತ್ತು.

ಕೃಷಿ ಭವನದಿಂದ ಬಂದ ಅಕ್ಷಯಾ ಒಂದು ಎಲೆ ಕಿತ್ತು ನೋಡಿದಳು. “ಇದು ಭತ್ತದ ಗದ್ದೆಯಲ್ಲಿ ಅಗಲ ಎಲೆಯ ಕಳೆ ಸಾಯಲಿಕ್ಕೆ ಬಿಡುವ ಮದ್ದು. ಹತ್ತಿಗೆ ಒಂದು ಹನಿ ತಾಗಿದ್ರೂ ಕಷ್ಟ ಅಕ್ಕ.”

“ಒಂದಾದರೂ ಉಳಿಯಲಿಕ್ಕಿಲ್ವಾ? ಬೀಜಕ್ಕೆ?”

“ಇಷ್ಟು ಬಿದ್ದ ಮೇಲೆ… ಆಸೆ ಇಟ್ಟುಕೊಳ್ಳಬೇಡಿ ಅಕ್ಕ.”

ಅಕ್ಷಯಾ ಹೋದ ಮೇಲೆ ರಾಜೀವಿ ಗಂಡನ ಕಡೆ ತಿರುಗಿದಳು. “ಎರಡು ದಿನ ಕೇಳಿದ್ದೆ ನಾನು. ಎರಡೇ ದಿನ. ಅಮ್ಮನದ್ದು ಅಂತ ಜೀವ ಇದ್ದದ್ದು ಅದೊಂದೇ ಅಲ್ವಾ?” ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂರು ದಿನ ಅವಳು ಹಿತ್ತಿಲ ಬಾಗಿಲನ್ನೇ ತೆರೆಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಹರಿನಾಥ ದಿಂಬಿನ ಹೊಲಿಗೆ ಬಿಚ್ಚಿ ಕೂತಿದ್ದ. ಮಡಿಲ ತುಂಬ ಹತ್ತಿ. ಎಳೆ ಎಳೆಯಾಗಿ ಬಿಡಿಸಿ, ಬೆರಳಿನಿಂದ ತಡಕಿ ಹುಡುಕುತ್ತಿದ್ದ. ಸಂಜೆಯಾಗುವಾಗ ಅಂಗೈ ಚಾಚಿದ. ಏಳು ಬೀಜ.

ರಾಜೀವಿ ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿದಳು. ಒಳಗೆ ಟೊಳ್ಳು.

“ಹಳತು. ಮೊಳೆಯಲಿಕ್ಕಿಲ್ಲ.”

“ಗೊತ್ತುಂಟು,” ಎಂದ ಹರಿನಾಥ. “ಆದ್ರೂ ಉಳಿದ ಆರು ಉಂಟಲ್ವಾ? ಯಾವಾಗ ಹಾಕುವುದು, ನೀನು ಹೇಳು.”

ಮದುವೆಯಾಗಿ ಇಪ್ಪತ್ತೆರಡು ವರ್ಷ. ಈ ಪ್ರಶ್ನೆಯನ್ನು ಅವನು ಕೇಳಿದ್ದು ಇದೇ ಮೊದಲು. ಅವಳು ಆ ಆರು ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

“ಮೊದಲು ಹುಲ್ಲು ಕೀಳಬೇಕು,” ಎಂದಳು.

ಅವನು ಹಿತ್ತಿಲಿಗೆ ಇಳಿದು, ಸತ್ತ ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಹುಲ್ಲಿಗೆ ಕೈ ಹಾಕಿದ.