ಒಂದೊಂದೇ ತೂತು

ಗಿರಾಕಿ ಮತ್ತೆ ಮನಸ್ಸು ಬದಲಾಯಿಸಿದ್ದ. ಗೇರ್‌ಬಾಕ್ಸಿನ ಹತ್ತು ಎಂಎಂ ಬೋಲ್ಟುಗಳೆಲ್ಲ ಹನ್ನೆರಡು ಎಂಎಂ ಆಗಬೇಕಂತೆ. ಬೋಲ್ಟು ದಪ್ಪವಾದರೆ ಅದು ಹೋಗುವ ತೂತೂ ದೊಡ್ಡದಾಗಬೇಕು. ಕಂಪ್ಯೂಟರಿನ ಮಾಡೆಲ್‌ನಲ್ಲಿ ಒಂದೊಂದೇ ತೂತಿನ ಮೇಲೆ ಕ್ಲಿಕ್ ಮಾಡಿ, ಹಳೆಯ ಅಳತೆ ಅಳಿಸಿ, ಹೊಸದನ್ನು ಹಾಕಿ, ಮುಂದಿನದಕ್ಕೆ ಹೋಗಬೇಕು. ಆ ಡಿಸೈನ್ ಆಫೀಸಿನಲ್ಲಿ ಯಾರಿಗೂ ಬೇಡವಾದ ಕೆಲಸ ಅದು. ಗಂಡ ತೀರಿಕೊಂಡ ಮೇಲೆ ದೊಡ್ಡವಳು ಅದನ್ನೇ ಎಲ್ಲರಿಂದ ಕೇಳಿ ಕೇಳಿ ಇಸಿದುಕೊಳ್ಳುತ್ತಿದ್ದಳು.

ಒಂದೇ ಮನೆಯ ಸೊಸೆಯರಿಬ್ಬರು ಅಲ್ಲಿ ಕೆಲಸಕ್ಕಿದ್ದುದರಿಂದ ಆಫೀಸಿನಲ್ಲೂ ಅವರು ದೊಡ್ಡವಳು, ಚಿಕ್ಕವಳು ಎಂದೇ ಆಗಿಹೋಗಿದ್ದರು. ಪಕ್ಕದ ಕುರ್ಚಿಯ ಚುರುಕಾದ ಹುಡುಗಿಯನ್ನು ಮೆಚ್ಚಿ ಮೈದುನನಿಗೆ ತಂದುಕೊಂಡವಳು ದೊಡ್ಡವಳೇ. ಮನೆಯಲ್ಲೂ ಇವಳೇ, ಇಲ್ಲೂ ಇವಳೇ, ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ ಎಂದು ಒಂದು ಕಾಲದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು.

ಈಗ ದೊಡ್ಡವಳು ರೇಗಿಸುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಬಂದು ಕೂತರೆ ಕ್ಲಿಕ್, ಅಳತೆ, ಎಂಟರ್. ಒಂದು ಕ್ಲಿಕ್ಕಿಗೂ ಇನ್ನೊಂದಕ್ಕೂ ನಡುವೆ ಯೋಚನೆಯೊಂದು ನುಗ್ಗುವಷ್ಟು ಜಾಗವಿರುತ್ತಿರಲಿಲ್ಲ. ಅಷ್ಟೇ ಸಾಕಾಗಿತ್ತು ಅವಳಿಗೆ. ಆ ಕೆಲಸವೊಂದು ಕೈಬಿಟ್ಟರೆ ದಿನದ ಅಷ್ಟೂ ಹೊತ್ತು ಬಾಯಿ ತೆರೆದುಕೊಂಡು ಎದುರಿಗೆ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಕ್ಕ, ಕೈ ತೆಗೀರಿ ಮೌಸಿಂದ. ಇಲ್ನೋಡಿ."

ಚಿಕ್ಕವಳು ಊಟದ ಬಿಡುವಿನಲ್ಲೆಲ್ಲ ಕೂತು ಒಂದು ಪ್ರೋಗ್ರಾಂ ಬರೆದಿದ್ದಳು. ಅದು ಮಾಡೆಲ್‌ನೊಳಗೆ ಹೊಕ್ಕು, ಬೋಲ್ಟ್ ಎಂದು ಹೆಸರಿರುವ ತೂತುಗಳನ್ನೆಲ್ಲ ತಾನೇ ಹುಡುಕಿ ಅಳತೆ ಬದಲಿಸುತ್ತದೆ. ಅವಳು ಒಂದು ಕೀಲಿ ಒತ್ತಿದಳು. ಪರದೆ ಒಮ್ಮೆ ಮಿಟುಕಿತು. ಮುಗಿಯಿತು.

"ಏನೂ ಅನ್ನಲ್ವಾ? ಬೆನ್ನು ತಟ್ಟೋದು ಬೇಡ, ಒಂದು ಹೂಂ ಆದ್ರೂ ಅನ್ನಿ."

"ಹೂಂ," ಎಂದಳು ದೊಡ್ಡವಳು.

ಬೆನ್ನ ಹಿಂದೆ ಎಲ್ಲರೂ ಗೊಣಗಪ್ಪ ಎನ್ನುತ್ತಿದ್ದ ಮೇಲಧಿಕಾರಿ ಬಂದು ನೋಡಿ, ಅಪರೂಪಕ್ಕೆ ನಕ್ಕ. "ಶಹಬ್ಬಾಸ್! ಇದನ್ನ ಸಂಜೆ ಒಳಗೆ ವರ್ಕ್‌ಶಾಪಿಗೆ ಕಳಿಸಿಬಿಡೋಣ. ದೊಡ್ಡವರೇ, ನಿಮ್ಮ ತೂತಿನ ಸಹವಾಸ ಇವತ್ತಿಗೆ ತೀರ್ತು. ನಾಳೆಯಿಂದ ಹೊಸ ಪ್ರಾಜೆಕ್ಟು. ನಾಲ್ಕು ಜನರ ಜೊತೆ ಮಾತಾಡೋ ಕೆಲಸ."

ಅವನು ಹೋದ ಮೇಲೆ ದೊಡ್ಡವಳು ಸುಮ್ಮನೆ ಮಾಡೆಲನ್ನು ತಿರುಗಿಸುತ್ತ ಕೂತಳು. ಮುಚ್ಚಳದ ಮೂಲೆಯಲ್ಲಿ ಕಣ್ಣು ನಿಂತಿತು. ಅಲ್ಲಿರುವುದು ಬೋಲ್ಟಿನ ತೂತಲ್ಲ, ಪಿನ್ನಿನದು. ಬೋಲ್ಟು ಬಿಗಿಯುವುದಕ್ಕೆ ಮಾತ್ರ. ಮುಚ್ಚಳವೂ ಪೆಟ್ಟಿಗೆಯೂ ಕೂದಲೆಳೆಯಷ್ಟೂ ಜರುಗದೆ ಕೂರುವುದು ಪಿನ್ನಿನಿಂದ. ಅದರ ತೂತು ಬಿಗಿಯಾಗಿಯೇ ಇರಬೇಕು. ಈಗ ಅದೂ ದೊಡ್ಡದಾಗಿ, ಪಿನ್ನು ಲೊಡಲೊಡ ಎನ್ನುವಂತಾಗಿತ್ತು.

ಯಾಕೆಂದು ಅವಳಿಗೆ ತಕ್ಷಣ ಹೊಳೆಯಿತು. ಆ ಆಫೀಸಿನಲ್ಲಿ ಪಿನ್ನಿನ ತೂತನ್ನು ಯಾರೂ ಹೊಸದಾಗಿ ಮಾಡುವುದಿಲ್ಲ. ಬೋಲ್ಟಿನ ತೂತನ್ನೇ ನಕಲು ಮಾಡಿ, ಅಳತೆ ತಿದ್ದಿ, ಹೆಸರು ತಿದ್ದದೆ ಬಿಟ್ಟುಬಿಡುತ್ತಾರೆ. ಪ್ರೋಗ್ರಾಂ ಹೆಸರನ್ನು ನಂಬಿತ್ತು. ಹೆಸರಿನ ಜೊತೆ ಹಳೆಯ ಅಳತೆಯನ್ನೂ ನೋಡು ಎಂದು ಒಂದು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು.

ಅವಳು ಆ ಸಾಲನ್ನು ಹೇಳಲಿಲ್ಲ.

"ಪಿನ್ನಿನ ತೂತೆಲ್ಲ ಹಾಳಾಗಿದೆ ನೋಡು. ಇದನ್ನ ನಂಬೋ ಹಾಗಿಲ್ಲ. ಹಳೇ ಫೈಲ್ ತೆಗಿ, ನಾನು ಕೈಯಲ್ಲೇ ಮಾಡ್ತೀನಿ."

ಚಿಕ್ಕವಳ ಮುಖ ಇಳಿದುಹೋಯಿತು. ಮಾತು ಕೇಳಿಸಿ ವಾಪಸು ಬಂದ ಗೊಣಗಪ್ಪ ಮತ್ತೆ ಗೊಣಗಪ್ಪನಾದ. "ನಂಗೊತ್ತಿತ್ತು. ವರ್ಕ್‌ಶಾಪಿಗೆ ಹೋಗಿದ್ರೆ ಮಾನ ಮೂರುಕಾಸಿಗೆ ಹರಾಜಾಗ್ತಿತ್ತು. ದೊಡ್ಡವರೇ, ನೀವೇ ಮಾಡಿ. ಮುಂದೆಯೂ ನೀವೇ ಮಾಡಿ."

ಕ್ಲಿಕ್, ಅಳತೆ, ಎಂಟರ್. ಗೆದ್ದೆ ಅನ್ನಿಸಲಿಲ್ಲ, ತಪ್ಪು ಮಾಡಿದೆ ಅಂತಲೂ ಅನ್ನಿಸಲಿಲ್ಲ. ಪಕ್ಕದ ಕುರ್ಚಿಯಲ್ಲಿ ಚಿಕ್ಕವಳು ತನ್ನ ಕೋಡಿನ ಮೇಲೆ ಬಗ್ಗಿಕೊಂಡೇ ಇದ್ದಳು. ತುಸು ಹೊತ್ತಿಗೆ ಅವಳ ಕೈ ನಿಂತಿತು.

"ಅಕ್ಕ. ಒಂದೇ ಸಾಲು ಸಾಕಿತ್ತು. ಈಗ ಸೇರಿಸಿದೆ."

ದೊಡ್ಡವಳು ಮುಂದಿನ ತೂತಿನ ಮೇಲೆ ಕ್ಲಿಕ್ ಮಾಡಿದಳು.

"ನಿಮಗೆ ಗೊತ್ತಿತ್ತು. ಪಿನ್ನಿಂದು ಅಂತ ಗುರುತು ಹಿಡಿದೋರಿಗೆ ಇದು ಹೊಳೀಲಿಲ್ಲ ಅಂದ್ರೆ ನಾನು ನಂಬಬೇಕಾ?"

"ಗೊತ್ತಿತ್ತು."

"ಮತ್ತೆ ಅವನೆದುರಿಗೆ ನನ್ನನ್ನ ಯಾಕೆ ಪೆದ್ದಿ ಮಾಡಿದ್ರಿ? ನಾನು ಇದನ್ನ ಯಾರಿಗೋಸ್ಕರ ಬರೆದೆ? ನನಗೇನು ಮಾಡೋಕೆ ಬೇರೆ ಕೆಲಸ ಇರಲಿಲ್ವಾ?"

"ಇದೂ ಇಲ್ಲದೆ ಹೋದ್ರೆ ನಾನು ಏನು ಮಾಡ್ಲಿ ಕಣೆ?"

ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಪೆನ್ಸಿಲ್ ಎಲ್ಲಿಟ್ಟೆ ಎಂದು ಕೇಳಿದ ಹಾಗಿತ್ತು. ಚಿಕ್ಕವಳು ಕುರ್ಚಿಯನ್ನು ತನ್ನ ಪರದೆಯ ಕಡೆಗೆ ತಿರುಗಿಸಿಕೊಂಡಳು.

"ಸರಿ," ಎಂದಳು ಚಿಕ್ಕವಳು. "ಅವನಿಗೆ ನಾನೇನೂ ಹೇಳಲ್ಲ. ನನ್ನ ಕೋಡು ದಂಡ ಅಂತಲೇ ಇರ್ಲಿ. ನಿಮಗೆ ಎಷ್ಟು ದಿನ ಬೇಕೋ ಅಷ್ಟು ದಿನ ಕೈಯಲ್ಲೇ ಮಾಡಿ." ಹೇಳಿ ಫೈಲನ್ನು ಮುಚ್ಚಲು ಹೋದಳು.

ಅದನ್ನು ನೋಡಿ ದೊಡ್ಡವಳ ಕೈ ಅಳತೆಯ ಮೇಲೆಯೇ ನಿಂತಿತು. ಊಟ ಬಿಟ್ಟು ಬರೆದದ್ದು. ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಮನೆಗೆ ವಾಪಸು ಹೋಗುತ್ತಿದ್ದುದನ್ನು ಅತ್ತೆ ಗದರಿದ್ದು ಅವಳಿಗೂ ಕೇಳಿಸಿತ್ತು.

"ಮುಚ್ಚಬೇಡ. ಓಡಿಸು."

"ಅಕ್ಕ, ಬೇಡ..."

"ಓಡಿಸೇ."

ಪರದೆ ಮಿಟುಕಿತು. ಈ ಸಲ ದೊಡ್ಡವಳು ಮೂಲೆ ಮೂಲೆಯನ್ನೂ ತಿರುಗಿಸಿ ನೋಡಿದಳು. ಬೋಲ್ಟಿನ ತೂತು ಬೋಲ್ಟಿಗೆ, ಪಿನ್ನಿನದು ಪಿನ್ನಿಗೆ. ಎದ್ದು ಹೋಗಿ ಗೊಣಗಪ್ಪನಿಗೆ, ಕೋಡು ಸರಿಯಿದೆ, ನಾನೇ ನೋಡಿದ್ದೇನೆ, ಕಳಿಸಬಹುದು ಎಂದು ಹೇಳಿ ಬಂದು ಕೂತಳು. ಕಿಟಕಿಯಾಚೆ ಇನ್ನೂ ಬಿಸಿಲಿತ್ತು. ಮಾಡಲು ಏನೂ ಇರಲಿಲ್ಲ. ಕೈಗಳನ್ನು ಮೇಜಿನ ಮೇಲಿಟ್ಟುಕೊಂಡಳು. ಅವು ಯಾರದೋ ಕೈಗಳ ಹಾಗೆ ಅಲ್ಲಿ ಬಿದ್ದಿದ್ದವು.

ಬಹಳ ಹೊತ್ತಾದ ಮೇಲೆ ಕೇಳಿದಳು: "ನಮ್ಮನೆಯವರ ಫೋನಿಗೆ ದಿನಾ ಯಾರು ಚಾರ್ಜ್ ಹಾಕ್ತಿದ್ದಾರೆ? ನಿನ್ನೆ ನೋಡಿದೆ, ತುಂಬಿತ್ತು."

ಚಿಕ್ಕವಳು ಅವಳ ಮುಖ ನೋಡಿದಳು.

"ನೀವೇ ಅಕ್ಕ. ಮನೆಗೆ ಬಂದ ತಕ್ಷಣ ಮೊದಲು ಮಾಡೋದೇ ಅದು."

"ನಾನಾ?"

"ನೀವೇ."

ದೊಡ್ಡವಳು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ, "ಹೌದಾ," ಎಂದಳು.